ಮಗಳು ನಮ್ಮ ದುಭಾಷಿ ಆಗಬಾರದು

ಕಾಸರಗೋಡಿನವರಿಗೆ ಭಾಷೆ ಕಲಿಯುವುದು ಕಷ್ಟವೇ ಅಲ್ಲ ಅಂತ ಒಂದು ನಂಬಿಕೆ ಉಂಟು. ಸಪ್ತಭಾಷಾ ಸಂಗಮ ಭೂಮಿ ಅಂತ ನಾವೇ ಹೇಳಿಕೊಳ್ಳುತ್ತೇವೆ. ಅದು ಸುಳ್ಳೂ ಅಲ್ಲ. ಬದಿಯಡ್ಕದ ಹತ್ತಿರದ ನಮ್ಮ ಮನೆಯೊಳಗೆ ಹವ್ಯಕ ಕನ್ನಡ, ತೋಟಕ್ಕೆ ಇಳಿದರೆ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ, ಪೇಟೆಯ ಬಸ್ಸು ಹತ್ತಿದರೆ ಮಲಯಾಳ. ಉಪ್ಪಳದ ಕಡೆ ಹೋದರೆ ಉರ್ದು, ಬ್ಯಾರಿ. ಮಂಜೇಶ್ವರದಲ್ಲಿ ಕೊಂಕಣಿ. ಗುಡ್ಡದ ಆಚೆ ಮರಾಟಿ ಮಾತಾಡುವ ಮನೆಗಳು. ಇದರಲ್ಲಿ ನನಗೆ ಬರುವ ಯಾವುದನ್ನೂ ಕೂತು ಕಲಿತ ನೆನಪಿಲ್ಲ. ಯಾವಾಗ ಬಂತು ಅಂತಲೂ ಗೊತ್ತಿಲ್ಲ.

ಹಾಗಾಗಿ ಗಂಡನಿಗೆ ಸ್ಪೇನಿನ ವಲೆನ್ಸಿಯಾದಲ್ಲಿ ಕೆಲಸ ಸಿಕ್ಕಿ ನಾವು ನಾಲ್ಕು ಮಂದಿ ಹೊರಟಾಗ, ಭಾಷೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಚಳಿ ಹೇಗೆ, ಅಕ್ಕಿ ಸಿಗ್ತದಾ, ತೆಂಗಿನಕಾಯಿ ಸಿಗ್ತದಾ ಅಂತ ಕೇಳಿದವರೇ ಜಾಸ್ತಿ. ಭಾಷೆಯ ಮಾತು ಬಂದರೆ ದೊಡ್ಡಪ್ಪ, “ಗೋವಿಂದ ಪೈಗಳ ಊರಿನವರಿಗೆ ಅದೆಂಥ ದೊಡ್ಡ ಸಂಗತಿ” ಅಂದುಬಿಟ್ಟರು. ಮಂಜೇಶ್ವರದ ಗೋವಿಂದ ಪೈಗಳು ಊರಲ್ಲೇ ಇದ್ದುಕೊಂಡು ಗ್ರೀಕ್, ಲ್ಯಾಟಿನ್ ಸಹಿತ ಎಷ್ಟೋ ಭಾಷೆ ಕಲಿತವರು. ಅವರ ಹೆಸರು ಕೇಳಿದರೆ ನಮಗೆಲ್ಲ ಹೆಮ್ಮೆ. ಆದರೆ ಅವರು ಕಲಿತದ್ದು ಓದಲಿಕ್ಕೆ, ಹಳೆಯ ಗ್ರಂಥಗಳನ್ನು ಬಗೆಯಲಿಕ್ಕೆ. ನಮಗೆ ಬೇಕಾದದ್ದು ಮಗನಿಗೆ ಜ್ವರ ಯಾವಾಗ ಶುರುವಾಯಿತು ಅಂತ ಡಾಕ್ಟರಿಗೆ ಹೇಳುವಷ್ಟು ಮಾತು. ಎರಡೂ ಬೇರೆ ಬೇರೆ ದಾರಿ.

ಈ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಊರಿಗೆ ಬಂದಿದ್ದೇವೆ. ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದೇ ಜುಲೈ, ಆಗಸ್ಟ್‌ನಲ್ಲಿ. ಹಾಗಾಗಿ ನಮ್ಮ ಮಕ್ಕಳಿಗೆ ಅಜ್ಜನಮನೆ ಎಂದರೆ ಮಳೆ ಮತ್ತು ಪತ್ರೊಡೆ. ಬಂದವರೆಲ್ಲ ಕೇಳುವುದು ಒಂದೇ: “ಸ್ಪ್ಯಾನಿಷ್ ಬಂತಾ?” ಮಕ್ಕಳಿಗೆ ಬಂತು. ನಮಗೆ ಇನ್ನೂ ಬರ್ತಾ ಉಂಟು. ಮಕ್ಕಳು ಮುಂದೆ ಹೋಗಿ ಅಪ್ಪ ಅಮ್ಮ ಹಿಂದೆ ಉಳಿದ ಮನೆಯಲ್ಲಿ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ನನಗೆ ಹೇಳಬೇಕಾದದ್ದು ಅದೇ.

ಮೊದಲು ಭಾಷೆಯ ಕಷ್ಟ ಎಲ್ಲಿ ಅಂತ ಹೇಳುತ್ತೇನೆ. ಓದಲಿಕ್ಕೆ ಸ್ಪ್ಯಾನಿಷ್ ಸುಲಭ. ಹೆಚ್ಚುಕಡಿಮೆ ಬರೆದ ಹಾಗೆಯೇ ಓದುವುದು, ನಮ್ಮ ಕನ್ನಡದ ಹಾಗೆ. ತಕಾರ ದಕಾರ ನಮ್ಮವೇ, ನಾಲಿಗೆ ಹಲ್ಲಿಗೆ ತಾಗಿಸಿ ಹೇಳುವಂಥವು. ನನ್ನ ಕ್ಲಾಸಿನ ಇಂಗ್ಲಿಷ್ ಹೆಂಗಸೊಬ್ಬರು ಅದಕ್ಕೆ ಒದ್ದಾಡುತ್ತಿದ್ದರು, ನನಗೆ ಆ ತೊಂದರೆಯೇ ಇರಲಿಲ್ಲ. ಅಲ್ಲಿ ಎರಡು ಬಗೆಯ ರಕಾರ ಉಂಟು. ಒಂದು ಮೆತ್ತಗೆ, ಇನ್ನೊಂದು ನಾಲಿಗೆ ಗಡಗಡ ಆಡಿಸಿ. ‘ಪೆರೊ’ ಅನ್ನುವ ಮಾತಿನ ರಕಾರ ಮೆತ್ತಗೆ ಹೇಳಿದರೆ ‘ಆದರೆ’, ಗಡಗಡ ಹೇಳಿದರೆ ‘ನಾಯಿ’. ಬಸ್ಸಿನಲ್ಲಿ ದಿನಾ ಮಲಯಾಳದ ಎರಡು ರಕಾರ ಕೇಳಿ ಬೆಳೆದ ಕಿವಿಗೆ ಆ ವ್ಯತ್ಯಾಸ ಕೂಡಲೇ ಗೊತ್ತಾಯಿತು. ಕ್ರಿಯಾಪದದ ಕೊನೆ ನೋಡಿದರೆ ಸಾಕು, ‘ನಾನು’ ‘ನೀನು’ ಅಂತ ಬೇರೆ ಹೇಳಬೇಕಾಗಿಲ್ಲ. ‘ಬಂದೆ’ ಅಂದರೆ ನಮಗೆ ಆಗುವ ಹಾಗೆಯೇ. ತನಗೆ ಏನಾದರೂ ಇಷ್ಟ ಅಂತ ಹೇಳುವಾಗ ಅವರೂ ‘ನನಗೆ’ ಅಂತಲೇ ಶುರು ಮಾಡುತ್ತಾರೆ. ತಲೆನೋವೂ ‘ನನಗೆ’ಯೇ. ಇಂಗ್ಲಿಷ್ ದಾಟಿ ಹೋಗದೆ ನೇರ ಕನ್ನಡದಿಂದಲೇ ಸ್ಪ್ಯಾನಿಷ್‌ಗೆ ಹೋದರೆ ಎಷ್ಟೋ ಕಡೆ ದಾರಿ ಹತ್ತಿರ. ಇದನ್ನು ನನಗೆ ಯಾವ ಪುಸ್ತಕವೂ ಹೇಳಲಿಲ್ಲ. ಕನ್ನಡದಲ್ಲಿ ಸ್ಪ್ಯಾನಿಷ್ ಕಲಿಸುವ ಒಂದು ಒಳ್ಳೆಯ ಪುಸ್ತಕ ಇದ್ದಿದ್ದರೆ ನನ್ನ ಮೊದಲ ವರ್ಷದ ಅರ್ಧ ಉಳಿಯುತ್ತಿತ್ತು.

ಕಷ್ಟ ಇರುವುದು ಕೇಳುವುದರಲ್ಲಿ. ಬೇರೆ ಬೇರೆ ಭಾಷೆಗಳ ಮಾತಿನ ವೇಗ ಅಳೆದವರು ಇದ್ದಾರೆ. ಅವರ ಲೆಕ್ಕದಲ್ಲಿ ಇಂಗ್ಲಿಷ್ ಮಾತಾಡುವವರು ಸೆಕೆಂಡಿಗೆ ಸುಮಾರು 6 ಉಚ್ಚಾರಾಂಶ (ಸಿಲಬಲ್) ಹೇಳಿದರೆ, ಸ್ಪ್ಯಾನಿಷ್‌ನವರು ಹೆಚ್ಚುಕಡಿಮೆ 8 ಹೇಳುತ್ತಾರೆ. ಅಂಗಡಿಯಲ್ಲಿ ಒಂದು ಪ್ರಶ್ನೆ ಮನಸ್ಸಿನಲ್ಲಿ ಕಟ್ಟಿ, ಸರಿ ಮಾಡಿ, ಕೇಳಿಯೂ ಬಿಡಬಹುದು. ಉತ್ತರ ಮಾತ್ರ ಆಟಿಯ ಮಳೆಯ ಹಾಗೆ ಸುರಿಯುತ್ತದೆ. ಅದರಲ್ಲಿ ಒಂದು ಮಾತು ಹಿಡಿಯುವಷ್ಟರಲ್ಲಿ ಉಳಿದದ್ದು ಹೋಗಿಯಾಗಿರುತ್ತದೆ. ಆಮೇಲೆ ಕ್ರಿಯಾಪದಗಳು. ಒಮ್ಮೆ ಆಗಿ ಮುಗಿದದ್ದಕ್ಕೆ ಒಂದು ರೂಪ, ಆಗುತ್ತಾ ಇದ್ದದ್ದಕ್ಕೆ ಇನ್ನೊಂದು. ‘ಬಂದಿತು’, ‘ಬರುತ್ತಿತ್ತು’ ಅಂತ ನಮಗೂ ಉಂಟಲ್ವಾ? ಗೊತ್ತಿದ್ದದ್ದೇ. ಆದರೆ ಗೊತ್ತಿರುವುದು ಬೇರೆ, ಎದುರಿಗೆ ಒಬ್ಬರು ಕಾಯುತ್ತಾ ನಿಂತಾಗ ಬಾಯಿಗೆ ಬರುವುದು ಬೇರೆ. ಆಸೆ, ಅನುಮಾನ, ಹಾರೈಕೆಗಳಿಗೆ ಕ್ರಿಯಾಪದದ ಇನ್ನೊಂದು ಸಾಲೇ ಉಂಟು. ಅದು ನನಗೆ ಈಗಲೂ ಪೂರ್ತಿ ಕೈಗೆ ಸಿಕ್ಕಿಲ್ಲ.

ಅಮೆರಿಕದ ರಾಯಭಾರ ಕಚೇರಿಗಳ ಅಧಿಕಾರಿಗಳಿಗೆ ಭಾಷೆ ಕಲಿಸುವ ಸರಕಾರಿ ಸಂಸ್ಥೆಯೊಂದು ಉಂಟು. ಇಂಗ್ಲಿಷ್ ಮಾತಾಡುವವರಿಗೆ ಸುಲಭದ ಭಾಷೆಗಳ ಗುಂಪಿನಲ್ಲಿ ಅದು ಸ್ಪ್ಯಾನಿಷ್ ಅನ್ನು ಇಟ್ಟಿದೆ. ಹಾಗಿದ್ದೂ ಕೆಲಸಕ್ಕೆ ಆಗುವಷ್ಟು ಬರಲಿಕ್ಕೆ ಸುಮಾರು ಆರೇಳು ನೂರು ಗಂಟೆ ಪಾಠ ಬೇಕು ಅನ್ನುತ್ತದೆ. ಅದು ದಿನವಿಡೀ ಅದನ್ನೇ ಕಲಿಯುವವರ ಲೆಕ್ಕ. ಮನೆ, ಅಡುಗೆ, ಮಕ್ಕಳು, ಕೆಲಸ ಎಲ್ಲದರ ನಡುವೆ ಆ ಗಂಟೆಗಳನ್ನು ಜೋಡಿಸಬೇಕಾದ ತಾಯಂದಿರಿಗೆ ಎಷ್ಟು ವರ್ಷ ಬೇಕು ಅಂತ ಯೋಚನೆ ಮಾಡಿ. ಗಂಡನ ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ. ಹಾಗಾಗಿ ಅವರಿಗೆ ದಿನದಲ್ಲಿ ಸ್ಪ್ಯಾನಿಷ್ ಬೇಕಾಗುವುದೇ ಅಪರೂಪ. ಬೇಕಾಗದ ಭಾಷೆ ಬರುವುದೂ ಇಲ್ಲ. ನಮ್ಮ ಊರಲ್ಲಿ ಏಳು ಭಾಷೆ ಬಂದದ್ದು ನಾವು ಜಾಣರು ಅಂತ ಅಲ್ಲ. ದಿನಾ ಬೇಕಿತ್ತು, ದಿನಾ ಕಿವಿಗೆ ಬೀಳುತ್ತಿತ್ತು, ತಪ್ಪಿದರೆ ಯಾರೂ ನಿಲ್ಲಿಸುತ್ತಿರಲಿಲ್ಲ.

ಮಕ್ಕಳಿಗೆ ಶಾಲೆಯ ಅಂಗಳದಲ್ಲಿ ಆದದ್ದು ಅದೇ. ಮಗಳು ಮೊದಲ ಕೆಲವು ತಿಂಗಳು ಶಾಲೆಯಲ್ಲಿ ಬಾಯಿಯೇ ಬಿಡಲಿಲ್ಲವಂತೆ. ನನಗೆ ಹೆದರಿಕೆಯಾಗಿತ್ತು. ಟೀಚರ್ ಹೆದರಲಿಲ್ಲ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ, ಬಿಡಿ ಅಂದರು. ಆಮೇಲೆ ಒಂದು ದಿನ ಗೆಳತಿಯೊಡನೆ ಜಗಳ ಆಡಿದಳು, ಪೂರ್ತಿ ಸ್ಪ್ಯಾನಿಷ್‌ನಲ್ಲಿ. ಚಿಕ್ಕವನಿಗಂತೂ ಅದು ಕಲಿಕೆ ಅಂತಲೇ ಅನ್ನಿಸಲಿಲ್ಲ.

ಅಲ್ಲಿಂದ ಮಗಳ ಕೆಲಸ ಶುರುವಾಯಿತು. ನಾವು ಯಾರೂ ಅವಳಿಗೆ ಕೊಟ್ಟ ಕೆಲಸವಲ್ಲ, ತಾನಾಗಿ ಅವಳ ಮೇಲೆ ಬಂದು ಕೂತದ್ದು. ಗ್ಯಾಸಿನವನು ಬಂದರೆ ಅವಳು. ಮನೆಯ ಮಾಲೀಕರ ಫೋನ್ ಬಂದರೆ ಅವಳು. ಅಪಾರ್ಟ್‌ಮೆಂಟಿನ ಸಭೆಯ ನೋಟೀಸು, ನಗರಸಭೆಯ ಕಾಗದ, ತಮ್ಮನ ಶಾಲೆಯ ಚೀಟಿ, ಎಲ್ಲಕ್ಕೂ ಅವಳು. ನೋಡಿದವರು ಹೊಗಳುತ್ತಿದ್ದರು. ಇಷ್ಟು ಚಿಕ್ಕವಳು ಎಷ್ಟು ಚೆನ್ನಾಗಿ ಹೇಳ್ತಾಳೆ ಅಂತ. ಅವಳಿಗೂ ಹೆಮ್ಮೆಯೇ. ಹೊರಗಿನಿಂದ ನೋಡಿದರೆ ಇದರಲ್ಲಿ ಏನೂ ತೊಂದರೆ ಕಾಣುವುದಿಲ್ಲ.

2025ರ ಎಪ್ರಿಲ್ 28, ಸೋಮವಾರ. ಮಧ್ಯಾಹ್ನ 12.30 ದಾಟಿದ ಹೊತ್ತಿಗೆ ಸ್ಪೇನ್, ಪೋರ್ಚುಗಲ್ ಎರಡೂ ದೇಶಗಳಲ್ಲಿ ಒಂದೇ ಸಲ ಕರೆಂಟು ಹೋಯಿತು. ಮೆಟ್ರೋ ನಿಂತಿತು, ಲಿಫ್ಟ್ ನಿಂತಿತು, ಸಿಗ್ನಲ್ ದೀಪ ಆರಿತು. ಸ್ವಲ್ಪ ಹೊತ್ತಿನಲ್ಲಿ ಫೋನಿನ ನೆಟ್‌ವರ್ಕೂ ಹೋಯಿತು. ಫೋನಿನೊಳಗಿನ ಅನುವಾದವನ್ನು ನಂಬಿ ಬದುಕುವ ನಮ್ಮಂಥವರಿಗೆ ಆ ಹೊತ್ತಿನಲ್ಲಿ ಕಿವಿಯೂ ಇಲ್ಲ, ಬಾಯಿಯೂ ಇಲ್ಲ. ಕೆಳಗಿನ ಮನೆಯ ಹಿರಿಯರೊಬ್ಬರು ಬ್ಯಾಟರಿ ರೇಡಿಯೋ ತಂದು ಬಾಗಿಲಲ್ಲಿ ಇಟ್ಟರು. ಬೀದಿಯವರೆಲ್ಲ ಸುತ್ತ ನಿಂತರು. ಏನಾಗಿದೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಯುದ್ಧವೋ, ಯಾರಾದರೂ ಮಾಡಿದ್ದೋ ಅಂತೆಲ್ಲ ಜನ ಮಾತಾಡುತ್ತಿದ್ದರು. ಮಗಳು ನಡುವೆ ನಿಂತು ಪ್ರತಿಯೊಂದನ್ನೂ ನಮಗೆ ಕನ್ನಡದಲ್ಲಿ ಹೇಳುತ್ತಿದ್ದಳು. ನಾವಿಬ್ಬರು ದೊಡ್ಡವರು ಅವಳ ಮುಖ ನೋಡುತ್ತಿದ್ದೆವು.

ಆಗ ನನಗೆ ಕಂಡಿತು. ಹೆದರುವ ಸುದ್ದಿ ಬಂದಾಗ ಮಗು ಅಮ್ಮನ ಮುಖ ನೋಡಬೇಕು. ಇಲ್ಲಿ ಸುದ್ದಿ ಅವಳ ಮೂಲಕವೇ ನಮಗೆ ಬರಬೇಕಿತ್ತು. ಅವಳಿಗೆ ಹೆದರಲಿಕ್ಕೆ ಪುರುಸೊತ್ತೇ ಇಲ್ಲ. ಮೊದಲು ಕೇಳಬೇಕು, ಆಮೇಲೆ ಅರ್ಥ ಮಾಡಬೇಕು, ಆಮೇಲೆ ನಮಗೆ ಹೇಳಬೇಕು. ಕತ್ತಲಾದ ಮೇಲೆ ಕರೆಂಟು ಬಂತು, ಬೀದಿಯವರೆಲ್ಲ ಚಪ್ಪಾಳೆ ಹೊಡೆದರು. ಅವಳು ಆ ರಾತ್ರಿ ನನ್ನ ಪಕ್ಕದಲ್ಲೇ ಮಲಗಿದಳು.

ಆ ಮುಖ ನನಗೆ ಹೊಸತಲ್ಲ. ಅದು ನನ್ನದೇ.

ನಮ್ಮ ಅಜ್ಜಿಗೆ ಕನ್ನಡ ಓದಲಿಕ್ಕೆ ಬರುತ್ತಿತ್ತು. ಚೆನ್ನಾಗಿಯೇ ಓದುತ್ತಿದ್ದರು. ಅವರು ಮದುವೆಯಾಗಿ ಬಂದ ಕಾಲಕ್ಕೆ ನಮ್ಮ ಊರು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ಕ್ಕೆ ಕೇರಳವಾಯಿತು. ಅಜ್ಜಿ ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ, ಕಚೇರಿಯ ಕಾಗದದ ಭಾಷೆ ಮಾತ್ರ ಬದಲಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ್ ಆಯೋಗ ಹೇಳಿತು. ಅದು ಜಾರಿಗೆ ಬರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ, 2015ರಲ್ಲಿ ತೀರಿಕೊಳ್ಳುವವರೆಗೂ ಆ ನೋವನ್ನು ಹೇಳುತ್ತಲೇ ಇದ್ದರು. ದೊಡ್ಡ ಮಟ್ಟದ ಆ ಹೋರಾಟದ ಬಗ್ಗೆ ತುಂಬ ಮಂದಿ ಬರೆದಿದ್ದಾರೆ. ಮನೆಯೊಳಗೆ ಅದು ಏನು ಮಾಡಿತು ಎಂಬುದನ್ನು ನಾನು ನೋಡಿದ್ದು ಜಗಲಿಯಲ್ಲಿ.

ನಾನು ಕನ್ನಡ ಶಾಲೆಯ ಹುಡುಗಿ. ಬಸ್ಸಿನ ಬೋರ್ಡು, ಸಿನಿಮಾ ಪೋಸ್ಟರು ನೋಡಿ ನೋಡಿ ಮಲಯಾಳ ಅಕ್ಷರ ಕಲಿತಿದ್ದೆ. ಮನೆಯಲ್ಲಿ ಅದು ಓದಲಿಕ್ಕೆ ಬರುತ್ತಿದ್ದದ್ದು ನನಗೊಬ್ಬಳಿಗೆ. ಒಂದು ಮಧ್ಯಾಹ್ನ ಒಂದು ಬ್ಯಾಂಕಿನಿಂದ ಕಾಗದ ಬಂತು, ಪೂರ್ತಿ ಮಲಯಾಳದಲ್ಲಿ. ಅಪ್ಪ ಮನೆಯಲ್ಲಿ ಇರಲಿಲ್ಲ. “ಎಂತ ಬರದ್ದು ಅದರಲ್ಲಿ?” ಅಂತ ಅಜ್ಜಿ ಕೇಳಿದರು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ತೋಟದ ಮೇಲಿನ ಸಾಲ, ಬಾಕಿ, ಇಂಥ ತಾರೀಕಿನೊಳಗೆ ಕಟ್ಟದಿದ್ದರೆ ಜಪ್ತಿ. ಜಪ್ತಿ ಅಂದರೆ ಏನಂತ ನನಗೆ ಗೊತ್ತಿರಲಿಲ್ಲ. ಅಜ್ಜಿಗೆ ಗೊತ್ತಿತ್ತು. ಮನೆಯ ಸಾಲದ ಸುದ್ದಿ ಮನೆಯ ಹಿರಿಯರಿಗೆ ಮನೆಯ ಚಿಕ್ಕವಳ ಬಾಯಿಂದ ಗೊತ್ತಾಗಬೇಕಾಯಿತು. ಅದರ ಮೇಲೆ ಅಜ್ಜಿ ನನ್ನೆದುರು ಸ್ವಲ್ಪ ಸಣ್ಣವರಾದ ಹಾಗೆ ಇರುತ್ತಿದ್ದರು. ನನಗೂ ಆಟದ ನಡುವೆ ಆ ತಾರೀಕು ನೆನಪಾಗುತ್ತಿತ್ತು. ಸಾಲ ಆಮೇಲೆ ತೀರಿತು. ಆದರೆ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಹೊಟ್ಟೆಯಲ್ಲಿ ಏನೋ ಆಗುವುದು ತುಂಬ ಕಾಲ ಇತ್ತು.

ಗಡಿನಾಡಿನ ಎಷ್ಟು ಮಕ್ಕಳು ಹೀಗೆ ದೊಡ್ಡವರ ಕಾಗದ ಓದಿದ್ದಾರೋ! ಅದನ್ನು ನಾವು ಜಾಣತನ ಅಂತ ಹೊಗಳುತ್ತೇವೆ. ನನ್ನ ಮಟ್ಟಿಗೆ ಅದು ಮಕ್ಕಳ ಕೆಲಸವೇ ಅಲ್ಲ.

ವಲೆನ್ಸಿಯಾದಲ್ಲಿ ಇದು ನನಗೆ ಗಟ್ಟಿಯಾದದ್ದು ಆರೋಗ್ಯ ಕೇಂದ್ರದಲ್ಲಿ. ನನಗೇ ಹುಷಾರಿರಲಿಲ್ಲ. ಹೆಂಗಸರಿಗೆ ಬರುವ ತೊಂದರೆ. ಮಗಳು ಜೊತೆಗಿದ್ದಳು. ಡಾಕ್ಟರ್ ಒಂದು ಪ್ರಶ್ನೆ ಕೇಳಿದರು. ಮಗಳು ಅರ್ಧಕ್ಕೆ ನಿಲ್ಲಿಸಿ ನನ್ನನ್ನು ನೋಡಿದಳು. ಡಾಕ್ಟರ್ ಒಳ್ಳೆಯ ಹೆಂಗಸು. ಅವರಿಗೆ ಕೂಡಲೇ ಗೊತ್ತಾಯಿತು. ಅವಳನ್ನು ಹೊರಗೆ ಕೂರಿಸಿದರು. ಕುರ್ಚಿ ನನ್ನ ಕಡೆ ತಿರುಗಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದರು, ಕಾಗದದ ಮೇಲೆ ಚಿತ್ರ ಬರೆದರು. ನನ್ನ ಹತ್ತಿರ ಇದ್ದ ಅಷ್ಟೂ ಸ್ಪ್ಯಾನಿಷ್ ಅಲ್ಲಿ ಖರ್ಚಾಯಿತು. ನೋವು ಬಂದು ಹೋಯಿತಾ, ಬರುತ್ತಾ ಇತ್ತಾ, ಈಗಲೂ ಉಂಟಾ? ಕ್ಲಾಸಿನಲ್ಲಿ ಬೇಸರದಿಂದ ಬಾಯಿಪಾಠ ಮಾಡಿದ್ದ ಎರಡು ಭೂತಕಾಲ ನಿಜಕ್ಕೂ ಯಾಕೆ ಬೇಕು ಅಂತ ಆ ಕೋಣೆಯಲ್ಲಿ ಅರ್ಥವಾಯಿತು.

ಆಮೇಲೆ ಮನೆಯಲ್ಲಿ ಒಂದು ನಿಯಮ ಮಾಡಿದೆವು. ಆಸ್ಪತ್ರೆ, ಬ್ಯಾಂಕು, ಬಾಡಿಗೆ, ಕಚೇರಿ, ಇವು ನಾಲ್ಕಕ್ಕೆ ಮಕ್ಕಳು ಇಲ್ಲ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳುತ್ತೇವೆ. ಆಗಲೂ ಆಗದಿದ್ದರೆ ಬರೆಸಿಕೊಂಡು ಬರುತ್ತೇವೆ. ಮೊದಮೊದಲು ಮಗಳಿಗೆ ಸಿಟ್ಟು ಬಂತು. ನಾನು ಒಂದು ನಿಮಿಷದಲ್ಲಿ ಹೇಳುವುದಕ್ಕೆ ನೀನು ಅರ್ಧ ಗಂಟೆ ತೆಗೆದುಕೊಳ್ಳುತ್ತೀ ಅಂದಳು. ಹೌದು, ತೆಗೆದುಕೊಳ್ಳುತ್ತೇನೆ. ಆ ಅರ್ಧ ಗಂಟೆ ನನ್ನದು, ಅವಳದಲ್ಲ.

ಅದಕ್ಕಾಗಿಯೇ ವಯಸ್ಕರ ಸರಕಾರಿ ಶಾಲೆಗೆ ಬೆಳಗ್ಗೆ ಹೋಗುತ್ತೇನೆ. ಉಕ್ರೇನಿನವರು, ಮೊರಾಕೊದವರು, ಪಾಕಿಸ್ತಾನದವರು, ಚೀನಾದವರು ಒಂದೇ ಬೆಂಚಿನಲ್ಲಿ. ಬ್ರೆಜಿಲ್‌ನವರಿಗೆ ಅವರ ಪೋರ್ಚುಗೀಸ್ ಹತ್ತಿರದ್ದಾದ್ದರಿಂದ ನಮ್ಮನ್ನೆಲ್ಲ ದಾಟಿ ಬೇಗ ಮೇಲೆ ಹೋಗುತ್ತಾರೆ. ಅಲ್ಲಿನ ತಾಯಂದಿರು ಒಬ್ಬೊಬ್ಬರನ್ನೂ ಕೇಳಿದೆ, ಎಲ್ಲರ ಮನೆಯಲ್ಲೂ ಒಂದು ದುಭಾಷಿ ಮಗು ಉಂಟು. ಮೊರಾಕೊದ ಗೆಳತಿಯೊಬ್ಬಳು ಹೇಳಿದಳು, ತನ್ನ ಮಗ ಟೀಚರ್ ಹೇಳಿದ ದೂರನ್ನು ತಾನೇ ಅನುವಾದ ಮಾಡಿ, ಹೊಗಳಿಕೆ ಮಾಡಿ ಕೊಟ್ಟಿದ್ದನಂತೆ. ನಾವು ನಕ್ಕೆವು, ಆಮೇಲೆ ಅವಳು ಅತ್ತಳು. ಸ್ಪೇನಿನ ಪೌರತ್ವ ಬೇಕಾದರೆ ಸ್ಪ್ಯಾನಿಷ್‌ನ ಎ2 ಅನ್ನುವ ಆರಂಭದ ಹಂತದ ಪರೀಕ್ಷೆ ಪಾಸಾಗಬೇಕು. ಕ್ಲಾಸಿಗೆ ಬರುವವರಲ್ಲಿ ಅದಕ್ಕಾಗಿ ಬರುವವರೂ ಇದ್ದಾರೆ. ನಮ್ಮ ಗುಂಪಿನ ತಾಯಂದಿರು ಬರುವುದು ಬೇರೆ ಕಾರಣಕ್ಕೆ.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ವಲೆನ್ಸಿಯಾದಲ್ಲಿ ಎರಡು ಭಾಷೆ. ನಾವು ಸ್ಪ್ಯಾನಿಷ್ ಅನ್ನುವುದನ್ನು ಅವರು ಕಾಸ್ತೆಯಾನೊ ಅನ್ನುತ್ತಾರೆ. ಇನ್ನೊಂದು ಅವರ ನೆಲದ ವಲೆನ್ಸಿಯಾನ್, ಬಾರ್ಸಿಲೋನಾ ಕಡೆಯ ಕೆಟಲಾನ್ ಜೊತೆಗೆ ಸೇರುವ ಭಾಷೆ. ಸರ್ವಾಧಿಕಾರಿ ಫ್ರಾಂಕೊ ಆಳಿದ ಕಾಲದಲ್ಲಿ ಶಾಲೆಗಳಲ್ಲಿ ಕಾಸ್ತೆಯಾನೊ ಮಾತ್ರ. ಹಾಗಾಗಿ ಮನೆಯಲ್ಲಿ ವಲೆನ್ಸಿಯಾನ್ ಮಾತಾಡಿ, ಅದರಲ್ಲಿ ಒಂದು ಸಾಲು ಬರೆಯಲಿಕ್ಕೆ ಬಾರದ ಹಿರಿಯರು ಅಲ್ಲಿ ಬೇಕಾದಷ್ಟು. 1983ರ ಕಾನೂನಿನ ನಂತರ ಅದು ಶಾಲೆಗೆ ಬಂತು. 2025ರ ಫೆಬ್ರವರಿ ಕೊನೆಗೆ, ಮಕ್ಕಳಿಗೆ ಮುಖ್ಯ ಭಾಷೆಯಾಗಿ ಯಾವುದು ಬೇಕು ಅಂತ ಅಲ್ಲಿನ ಪ್ರಾದೇಶಿಕ ಸರಕಾರ ತಂದೆತಾಯಂದಿರ ಮತ ಕೇಳಿತು. ನಮ್ಮನ್ನೂ ಕೇಳಿತು, ಪರದೇಶದವರನ್ನು! 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಅಂತ ಆದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದಿದ್ದರು. ನಮ್ಮನ್ನು ಕೇಳಿ ಅಂತಲೇ ಅವರು ಹೇಳುತ್ತಿದ್ದದ್ದು. ಹಾಗಿರುವಾಗ ಇಂಥ ಪ್ರಶ್ನೆ ನಮ್ಮ ಮನೆಗೇ ಬಂದದ್ದು ನನಗೆ ಸಣ್ಣದಾಗಿ ಕಾಣಲಿಲ್ಲ.

ಗಂಡ ಕಾಸ್ತೆಯಾನೊ ಅಂದರು. ನಮಗೇ ಅದು ಸರಿಯಾಗಿ ಬರುವುದಿಲ್ಲ, ಮಗನ ಪಾಠಕ್ಕೆ ಇನ್ನೊಂದು ಭಾಷೆಯಲ್ಲಿ ಸಹಾಯ ಮಾಡುವುದು ಹೇಗೆ ಅಂತ ಅವರ ಮಾತು. ಅದರಲ್ಲಿ ನ್ಯಾಯ ಇತ್ತು. ನಾನು ವಲೆನ್ಸಿಯಾನ್ ಅಂದೆ. ಕಾಸ್ತೆಯಾನೊ ಬೀದಿಯಲ್ಲಿ, ಟಿವಿಯಲ್ಲಿ, ಆಟದಲ್ಲಿ ತಾನಾಗಿ ಬರುತ್ತದೆ, ನಮಗೆ ಬಸ್ಸಿನಲ್ಲಿ ಮಲಯಾಳ ಬಂದ ಹಾಗೆ. ಚಿಕ್ಕ ಭಾಷೆ ಶಾಲೆ ಇಲ್ಲದೆ ಉಳಿಯುವುದಿಲ್ಲ. ಕೊನೆಗೆ ಮಗನಿಗೆ ವಲೆನ್ಸಿಯಾನ್ ಆರಿಸಿದೆವು. ಫಲಿತಾಂಶ ಬಂದಾಗ ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ ಮಂದಿ ಅದನ್ನೇ ಆರಿಸಿದ್ದರು. ಮನೆಯಲ್ಲಿ ಮಾತ್ರ ಕನ್ನಡವೇ. ಶಾಲೆಯ ಟೀಚರ್ ಕೂಡ ಅದನ್ನೇ ಹೇಳಿದರು. ನಿಮ್ಮ ಅರೆಬರೆ ಸ್ಪ್ಯಾನಿಷ್ ಮಕ್ಕಳಿಗೆ ಕೊಡಬೇಡಿ, ನಿಮ್ಮ ಪೂರ್ತಿ ಭಾಷೆ ಕೊಡಿ ಅಂದರು. ನಾನು ಸ್ಪ್ಯಾನಿಷ್ ಕಲಿಯುವುದು ಮಕ್ಕಳೊಡನೆ ಮಾತಾಡಲಿಕ್ಕಲ್ಲ.

ಈ ಸಲ ಊರಿಗೆ ಬಂದ ವಾರದಲ್ಲೇ ಅಮ್ಮನಿಗೆ ಒಂದು ಕಚೇರಿಯಿಂದ ಕಾಗದ ಬಂತು. ಮಲಯಾಳದಲ್ಲಿ. ಅಮ್ಮ ಅಭ್ಯಾಸದಂತೆ ಅಣ್ಣನ ಮಗನನ್ನು ಕರೆದರು. ಅವನಿಗೆ ನನ್ನ ಮಗಳಷ್ಟೇ ವಯಸ್ಸು. ಕಾಗದ ನಾನು ತೆಗೆದುಕೊಂಡೆ, ಅವನನ್ನು ಆಟಕ್ಕೆ ಕಳಿಸಿದೆ. ಕಾಸರಗೋಡಿನ ಕನ್ನಡಿಗರಿಗೆ ಕನ್ನಡದಲ್ಲೇ ಅರ್ಜಿ ಕೊಟ್ಟು ಕನ್ನಡದಲ್ಲೇ ಉತ್ತರ ಕೇಳುವ ಹಕ್ಕು ಉಂಟು. ಅಮ್ಮನ ಹತ್ತಿರ ಕೂತು, ಅವರ ಕೈಯಲ್ಲೇ ಕನ್ನಡದಲ್ಲಿ ಅರ್ಜಿ ಬರೆಸಿ, ಇಬ್ಬರೂ ಹೋಗಿ ಕೊಟ್ಟು ಬಂದೆವು. ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೆ ಇನ್ನೊಂದು ಬರೆಯಬೇಕು ಅಂತ ಅಮ್ಮನಿಗೆ ಹೇಳಿದ್ದೇನೆ, ಅರ್ಜಿಯ ನಕಲು ಎಲ್ಲಿ ಇಟ್ಟಿದ್ದೇವೆ ಅಂತಲೂ ತೋರಿಸಿದ್ದೇನೆ.

ಸೆಪ್ಟೆಂಬರಿನಲ್ಲಿ ನಮ್ಮ ಕ್ಲಾಸು ಮತ್ತೆ ಶುರು. ಈ ಸಲ ಗಂಡನೂ ಸಂಜೆಯ ಕ್ಲಾಸಿಗೆ ಹೆಸರು ಕೊಟ್ಟಿದ್ದಾರೆ. ಅಪಾರ್ಟ್‌ಮೆಂಟಿನ ಮುಂದಿನ ಸಭೆಗೆ ನಾವಿಬ್ಬರೇ ಹೋಗುವುದು ಅಂತ ತೀರ್ಮಾನ ಆಗಿದೆ.